ಲಿಸ್ಬನ್ನಿನಲ್ಲಿ ಕೆಂಪು ತೇಪೆ

ತಟ್ಟನೆ ಕತ್ತಿನ ಮೇಲೊಂದು ಹನಿ, ಮಳೆಯಲ್ಲ, ಆಕಾಶ ನೀಲಿಯಾಗಿದೆ, ಮೇಲೆ ಯಾರೋ ಈ ಕಿಟಕಿಯಿಂದ ಆ ಕಿಟಕಿಗೆ ಹಗ್ಗ ಕಟ್ಟಿ ಒಗೆದದ್ದನ್ನೆಲ್ಲ ಹರವಿದ್ದಾರೆ, ಲಂಗ, ಚಡ್ಡಿ, ಹಾಸಿಗೆ ಹೊದಿಕೆ, ಅಯ್ಯೋ ಎಲ್ಲವೂ ಬೀದಿಯ ನೆತ್ತಿಯ ಮೇಲೆಯೇ, ನಾಚಿಕೆಯೇ ಇಲ್ಲವಲ್ಲ ಈ ಲಿಸ್ಬನ್ನಿನವರಿಗೆ — ಇನ್ನೊಂದು ಹನಿ, ಬೀಳಲಿ ಬಿಡು, ತಣ್ಣಗೆ ಚೆನ್ನಾಗಿದೆ, ಮುಂದೆ ಇವರು ಮೆಟ್ಟಿಲು ಹತ್ತುತ್ತಿದ್ದಾರೆ, ನಮ್ಮ ಯಜಮಾನರು, ಕೈ ಹಿಂದೆ ಕಟ್ಟಿಕೊಂಡು, ಊರೇ ತಮ್ಮದೆಂಬಂತೆ, ಕರಿ ಕಂಬಳಿಯ ನಡುಬೆನ್ನಿಗೆ ನಾನು ಹಾಕಿದ ಕೆಂಪು ತೇಪೆ, ಅಂಗೈಯಗಲ, ಮೇಲೆ ಕೆಳಗೆ, ಮೇಲೆ ಕೆಳಗೆ. ಮದುವೆಯಾಗಿ ಬಂದಾಗಿನಿಂದ ನಾನು ನೋಡಿದ್ದು ಈ ಬೆನ್ನನ್ನೇ, ಮಂದೆಯ ಮುಂದೆ ಇವರು, ನಡುವೆ ಮುನ್ನೂರು ಕುರಿ, ಆಮೇಲೆ ಪಾತ್ರೆ ಹೊತ್ತ ಕತ್ತೆ, ಕತ್ತೆಯ ಹಿಂದೆ ನಾನು, ಹಿರಿಯೂರಿನಿಂದ ಹೊಸದುರ್ಗ ದಾಟಿ ಭದ್ರಾವತಿಯ ಗದ್ದೆಗಳವರೆಗೆ, ಹೋಗುವಾಗಲೂ ಹಾಗೆ, ಬರುವಾಗಲೂ ಹಾಗೆ. ಜೋಗಿಮಟ್ಟಿಯ ಕಡೆ ಜಾಲಿ ಮುಳ್ಳಿಗೆ ಇಬ್ಬರ ಕಂಬಳಿಯೂ ಒಂದೇ ದಿನ ಹರಿದವು, ಮುನ್ನೂರು ಕುರಿಗಳಾಚೆಗೂ ಕಾಣಲಿ ಎಂದು ಇವರದಕ್ಕೆ ಕೆಂಪು ನೂಲಿನ ತೇಪೆ ಹಾಕಿದೆ, ಉಳಿದ ನೂಲು ನನ್ನದಕ್ಕೆ, ನನ್ನ ಹಿಂದೆ ನೋಡುವವರು ಯಾರಿದ್ದರು, ಧೂಳು ಬಿಟ್ಟರೆ. ಹನ್ನೊಂದು ವರ್ಷವಾಯಿತು.

ನಾಲ್ಕು ದಿನ ಉಣ್ಣೆ ಮೇಳದಲ್ಲಿ ಮಗ್ಗದ ಮುಂದೆ ಕುಳಿತು ಸಾಕಾಗಿತ್ತು, ತಂದ ಕಂಬಳಿಗಳೆಲ್ಲ ಮಾರಿಹೋದವು, ಒಬ್ಬಳು ಕನ್ನಡಕದವಳು ಇವರ ಹೆಗಲ ಮೇಲಿನದನ್ನೇ ಕೇಳಿದಳು, ತೇಪೆ ತೋರಿಸಿ ಇದೇ ಬೇಕು ಅಂದಳಂತೆ, ಇವರು ಕೊಡಲಿಲ್ಲ, ನನಗೆ ಒಳಗೊಳಗೇ ಖುಷಿ. ಇವತ್ತು ರಜ. ಉಣ್ಣೆ ಸಂಘದ ಅನುಸೂಯ ಬೆಳಿಗ್ಗೆ ಹೊಳೆಯ ದಂಡೆಯ ದೊಡ್ಡ ಮೈದಾನದಲ್ಲಿ ನಿಲ್ಲಿಸಿ ಹೇಳಿದಳು, ಚಿತ್ತಯ್ಯಾರೇ, ಮುದ್ದಕ್ಕಾ, ಊರು ನೋಡ್ಕಂಡು ಬರ್ರಿ, ಮೂರಕ್ಕೆ ಇಲ್ಲೇ ಬಸ್ಸು, ಮೂರಂದ್ರೆ ಮೂರೇ, ವಿಮಾನ ಯಾರಿಗೂ ಕಾಯಲ್ಲ. ಇವರು ಮೀಸೆ ತಿರುವಿ, ಭದ್ರಾವತಿ ಗಂಟ ಮಂದೆ ಹೊಡ್ದೋನು ತಾಯಿ, ಇದೇನು ಮಹಾ ಊರು, ಗುಡ್ಡದ ಮ್ಯಾಲೆ ಕೋಟೆ ಐತೆ, ನಮ್ ದುರ್ಗದಂಗೇ, ಕೋಟೆ ಕಂಡ್ರೆ ದಾರಿ ಸಿಕ್ದಂಗೇ. ಹೊರಟೆವು, ಮೊದಲು ಕೆಳಗಿನ ಪೇಟೆ, ನೂಲು ಹಿಡಿದು ಎಳೆದಂಥ ನೇರ ಬೀದಿಗಳು, ಒಣಮೀನಿನ ಅಂಗಡಿಯ ವಾಸನೆಗೆ ಮೂಗು ಮುಚ್ಚಿದೆ, ಪಕ್ಕದ ಅಂಗಡಿಯ ಬೆಣ್ಣೆಯ ಘಮಕ್ಕೆ ಬಿಟ್ಟೆ, ಒಂಟಿ ಡಬ್ಬಿಯ ಹಳದಿ ರೈಲು ಗೋಡೆಗೆ ಮೈ ಉಜ್ಜಿಕೊಂಡು ಹೋಯಿತು, ಕಜ್ಜಿ ಹತ್ತಿದ ಟಗರಿನ ಹಾಗೆ, ಆಮೇಲೆ ಅಲ್ಫಾಮ ಎಂಬ ಈ ಕೇರಿ, ಓಣಿಯೊಳಗೆ ಓಣಿ, ಮೆಟ್ಟಿಲ ಮೇಲೆ ಮೆಟ್ಟಿಲು, ಕೈ ಚಾಚಿದರೆ ಎರಡೂ ಮನೆಯ ಗೋಡೆ ಸಿಗುತ್ತದೆ, ನನ್ನ ಜನ್ಮದಲ್ಲಿ ಇಷ್ಟು ಸಂತೋಷ ಯಾವಾಗ ಪಟ್ಟಿದ್ದೆ, ಎಣಿಸಲು ಕುರಿಯಿಲ್ಲ, ಹೂಡಲು ಒಲೆಯಿಲ್ಲ, ಸುಮ್ಮನೆ ಕಾಲು ಹೋದತ್ತ ಹೋಗುವುದು. ಇವರು ಮಾತ್ರ ಕೆಲಸದಲ್ಲೇ ಇದ್ದಾರೆ, ಓಣಿ ಕವಲಾದಲ್ಲೆಲ್ಲ ಗೋಡೆಯಾಚೆಯ ಗಿಡದಿಂದ ಹಸಿ ಸೊಪ್ಪು ಮುರಿದು, ಹಿಡಿದ ದಾರಿಗೆ ಇಟ್ಟು, ಮೇಲೊಂದು ಕಲ್ಲು ಹೇರುತ್ತಾರೆ, ಅಡವಿಯಲ್ಲಿ ಹಿಂದೆ ಬರುವ ಮಂದೆಗೆ ಇಡುವ ಗುರುತು, ಇಲ್ಲಿ ಯಾವ ಮಂದೆ, ನಾನೊಬ್ಬಳು, ಅದೂ ಎರಡು ಮಾರು ಹಿಂದೆ. ಯಾರಿಗಿಟ್ರಿ ಸೊಪ್ಪು? ವಾಪಸ್ ಬರಾಕೆ ಬೇಕಲ್ಲೇ, ನಿಂಗೇನ್ ಗೊತ್ತು. ಕಾರಂಜಿಯ ಕಟ್ಟೆಯ ಮೇಲೆ ಕೂತ ಅಜ್ಜಿಯೊಬ್ಬಳು ನನ್ನ ಬೆನ್ನ ಮೇಲಿನ ಕಂಬಳಿ ಸವರಿ ಏನೋ ಅಂದಳು, ಬೊಚ್ಚುಬಾಯಿ ತೆರೆದು ನಕ್ಕಳು, ತೇಪೆ ನೋಡಿರಬೇಕು, ತೇಪೆ ಹಾಕುವವರ ಕಣ್ಣಿಗೇ ತೇಪೆ ಬೀಳುವುದು. ಗುಡ್ಡದ ತುದಿಯ ಗ್ರಾಸ ಎಂಬ ಕೇರಿಗೆ ಹತ್ತಿ, ಕೆಂಡದಲ್ಲಿ ಸುಟ್ಟ ಯಾವುದೋ ಬೀಜ ಸುಲಿದು ತಿಂದೆವು, ಕೆಳಗೆ ಊರಿಗೆ ಊರೇ ಕೆಂಪು ಹೆಂಚು, ಅದರಾಚೆ ಸಮುದ್ರದಂಥ ಹೊಳೆ, ಗೆಣಸಿನ ರುಚಿ ಐತಲ್ಲೇ ಅಂದರು, ಹೂಂ ಅಂದೆ.

ಇಳಿಯುವಾಗ ಸೊಪ್ಪಿಲ್ಲ. ಮೊದಲ ಕವಲಲ್ಲಿ ಇಲ್ಲ, ಎರಡನೆಯದರಲ್ಲಿಯೂ ಇಲ್ಲ, ಹಸಿರು ಅಂಗಿಯವನೊಬ್ಬ ಪೊರಕೆ ಹಿಡಿದು ಬೀದಿ ಗುಡಿಸುತ್ತಿದ್ದಾನೆ, ಅವನ ತಳ್ಳುಗಾಡಿಯಲ್ಲಿ ನಮ್ಮ ಸೊಪ್ಪೆಲ್ಲ ಬಾಡುತ್ತಾ ಬಿದ್ದಿದೆ, ಕಲ್ಲುಗಳ ಸಮೇತ, ಅವನು ನಮಗೆ ನಮಸ್ಕಾರ ಬೇರೆ ಮಾಡಿದ. ಕೋಟೆ ನೋಡೋಣವೆಂದರೆ ಈ ಓಣಿಯಲ್ಲಿ ತಲೆಯೆತ್ತಿದರೆ ಚಡ್ಡಿಗಳೇ ಕಾಣುತ್ತವೆ. ಇವರು ಬಲಕ್ಕೆ ಹೋದರು, ಗೋಡೆ, ಎಡಕ್ಕೆ ಹೋದರು, ಯಾರದೋ ಅಡುಗೆಮನೆ, ತೇಪೆ ಮುಂದೆ ಹೋಗುತ್ತದೆ, ನಿಲ್ಲುತ್ತದೆ, ತಿರುಗುತ್ತದೆ, ಎಲ್ಲಿಯೋ ಗಂಟೆ ಎರಡು ಹೊಡೆಯಿತು, ನನ್ನ ಎದೆಯಲ್ಲಿ ಬಸ್ಸು ಹೊರಟಂತಾಯಿತು, ಭಾಷೆ ಬಾರದ ಊರು, ಬಸ್ಸು ತಪ್ಪಿದರೆ ವಿಮಾನ ತಪ್ಪುತ್ತದೆ, ಆಮೇಲೆ ಯಾರನ್ನು ಏನೆಂದು ಕೇಳುವುದು. ದಾರಿ ತಪ್ಪೈತೆ ಅನ್ರಿ. ತಪ್ಪಿಲ್ಲ, ಓಣಿಗಳೇ ಸರಿಯಿಲ್ಲ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ನನಗೆ ಗೊತ್ತು, ದಾರಿ ನನಗೆ ಗೊತ್ತು, ಹೇಳಲೋ ಬೇಡವೋ, ಮುಂದೆ ನಡೆದವನಿಗೆ ಹೋಗುವ ದಾರಿಯೊಂದೇ ಗೊತ್ತು, ಹಿಂದಿನವಳು ಇಪ್ಪತ್ತು ಹೆಜ್ಜೆಗೊಮ್ಮೆ ತಿರುಗಿ ನೋಡಬೇಕು, ಮರಿ ಉಳಿಯಿತೇ, ಕುಂಟ ಕುರಿ ಉಳಿಯಿತೇ, ಇಲ್ಲಿ ಕುರಿಯಿಲ್ಲದಿದ್ದರೂ ಕತ್ತು ಕೇಳಲಿಲ್ಲ, ತಿರುಗಿ ತಿರುಗಿ ನೋಡಿದೆ, ವಾಪಸ್ ಬರುವ ದಾರಿಯ ಮುಖವೆಲ್ಲ ನನ್ನ ಕಣ್ಣಲ್ಲಿದೆ, ಒಂದು ಪಿಂಗಾಣಿ ಬಿಲ್ಲೆ ಉದುರಿದ ನೀಲಿ ಗೋಡೆ, ಗೋಡೆ ಮೇಲೆ ಬಾಗಿದ ನಿಂಬೆ ಗಿಡ, ಪಂಜರದ ಹಕ್ಕಿ, ಅಜ್ಜಿಯ ಕಾರಂಜಿ. ಹೇಳಿಯೇಬಿಟ್ಟೆ, ಅಲ್ನೋಡ್ರಿ ನೀಲಿ ಗೋಡೆ, ಅದರ ಎಡಕ್ಕೆ ಇಳೀಬೇಕು. ಇವರು ಗೋಡೆ ನೋಡಿದರು, ನನ್ನನ್ನು ನೋಡಿದರು, ಕಂಬಳಿ ಸರಿಮಾಡಿಕೊಂಡರು, ಗೋಡೆಗೆ ಒರಗಿ ಜಾಗ ಬಿಟ್ಟರು — ಸರಿ, ನೀನೇ ಮುಂದೆ ನಡಿ.

ಮುಂದೆ ಏನೂ ಇಲ್ಲ. ಬೆನ್ನಿಲ್ಲ, ಕೊಂಬಿಲ್ಲ, ಧೂಳಿಲ್ಲ, ಬರೀ ಮೆಟ್ಟಿಲು, ಬಿಸಿಲು, ಕಾಲಿಗೆ ಬಂದದ್ದೇ ದಾರಿ, ಹಿಂಗಿರುತ್ತದಾ ಮುಂದೆ ನಡೆಯುವುದು, ಇವರು ಯಾವತ್ತೂ ಹೇಳಲೇ ಇಲ್ಲವಲ್ಲ, ನಿಂಬೆ ಗಿಡ ಬಂತು, ಹಕ್ಕಿ ಬಂತು, ಅಜ್ಜಿ ಕೈ ಬೀಸಿದಳು, ನಾನೂ ಬೀಸಿದೆ, ಓಣಿಯ ಬಾಯಲ್ಲಿ ಹೊಳೆ ಥಳಥಳ ಹೊಳೆಯುತ್ತದೆ, ಮೈದಾನ, ಬಿಳಿ ಬಸ್ಸು, ಬಾಗಿಲ ಬಳಿ ಅನುಸೂಯ ಎರಡೂ ಕೈ ಆಡಿಸುತ್ತಿದ್ದಾಳೆ, ಮೂರರ ಗಂಟೆ ಇನ್ನೂ ಹೊಡೆದಿಲ್ಲ, ಗೆದ್ದೆ ಕಣೇ ಮುದ್ದಕ್ಕ, ಹಿಂದೆ ಇವರ ಉಸಿರು, ಇವರ ಚಪ್ಪಲಿ, ಆಮೇಲೆ ಚಪ್ಪಲಿಯ ಸದ್ದು ನಿಂತಿತು, ಲೇ ಮುದ್ದಿ, ನಿನ್ ಬೆನ್ನಿಗೂ ಐತಲ್ಲೇ ಕೆಂಪು ತೇಪೆ, ಇದ್ಯಾವಾಗ ಹಾಕ್ಕಂಡೆ? ಹನ್ನೊಂದು ವರ್ಷ ಅನ್ನಲೇ, ಅನ್ನುವುದಿಲ್ಲ, ತಿರುಗಿಯೂ ನೋಡುವುದಿಲ್ಲ, ನೋಡಲಿ, ಬಸ್ಸಿನವರೆಗೂ ನೋಡಿಕೊಂಡೇ ಬರಲಿ, ಅಂಗೈಯಗಲ, ಕೆಂಪು, ಮೇಲೆ ಕೆಳಗೆ, ಮೇಲೆ ಕೆಳಗೆ —