ಬೆನ್ನು ನೋಡಿದರೆ ಕೊಂಡ ಹಾಗೆ

ಆ ಓಣಿಯ ಎಲ್ಲ ಮನೆಗಳಲ್ಲೂ ಒಂದೇ ಜಲಪಾತ ಧುಮುಕುತ್ತಿತ್ತು. ಪಾತ್ರೆ ಅಂಗಡಿಯವನು ಪುಕ್ಕಟೆ ಹಂಚಿದ ಅಚ್ಚಿನ ಚಿತ್ರ. ಕ್ಷೌರದಂಗಡಿಯಲ್ಲೂ ಅದೇ, ಹಲ್ಲಿನ ಡಾಕ್ಟರ ಕೋಣೆಯಲ್ಲೂ ಅದೇ. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಅಕ್ಕನಿಗೆ ಅದನ್ನು ನೋಡಿ ನೋಡಿ ಕಣ್ಣಿಗೇ ನೆಗಡಿಯಾದಂತಿತ್ತು. ಯಾರೋ ಕೈಯಾರೆ ಬರೆದ ಒಂದು ಚಿತ್ರ ತನ್ನ ಗೋಡೆಯ ಮೇಲಿರಬೇಕೆಂಬ ಆಸೆ ಅವಳದು. ಒಮ್ಮೆ ಆ ಆಸೆ ಹೊತ್ತು ಪೇಟೆಯ ಗ್ಯಾಲರಿಗೆ ಹೋದಾಗ, ಬಟ್ಟೆ ಕೊಡುವುದಿದ್ದರೆ ಹಿಂದಿನ ಬಾಗಿಲಿಗೆ ಹೋಗಮ್ಮ ಎಂದಿದ್ದ ಕಾವಲಿನವನು. ಆ ಮಾತಿನ ಮುಳ್ಳು ಇನ್ನೂ ಹೊರಬಂದಿರಲಿಲ್ಲ.

ಪಕ್ಕದ ಮನೆಯ ಲೈಬ್ರರಿ ಮೇಡಂ ಒಂದು ಸುದ್ದಿ ತಂದರು. ಓಣಿಯ ಓದುಕೋಣೆಯ ಚಾವಣಿ ಸೋರುತ್ತಿದೆ. ರಿಪೇರಿಯ ಖರ್ಚಿಗಾಗಿ ಒಂದು ಚಿತ್ರಸಂತೆ. ಹೆಸರಾದ ಕಲಾವಿದರು, ಈಗಷ್ಟೇ ಕುಂಚ ಹಿಡಿದವರು, ಎಲ್ಲರೂ ಚಿತ್ರ ದಾನ ಕೊಟ್ಟಿದ್ದಾರೆ. ಎಲ್ಲವೂ ಅಂಗೈಯಗಲ, ಎಲ್ಲಕ್ಕೂ ಒಂದೇ ಬೆಲೆ, ಹೆಚ್ಚೆಂದರೆ ಒಂದು ಜೊತೆ ರಬ್ಬರ್ ಚಪ್ಪಲಿಯಷ್ಟು. ಬರೆದವರ ಸಹಿ ಮಾತ್ರ ಚಿತ್ರದ ಬೆನ್ನಿಗೆ. ತಿರುಗಿಸಿ ನೋಡುವಂತಿಲ್ಲ, ನೋಡಿದರೆ ಕೊಂಡ ಹಾಗೆ.

ಅಕ್ಕನ ಗಂಡ ಸ್ಟೌ ರಿಪೇರಿಯವನು; ಮೂಗು ಮುರಿದ. "ಯಾರು ಬರೆದಿದ್ದು ಅಂತ ಗೊತ್ತಿಲ್ದೆ ಯಾರಾದ್ರೂ ಚಿತ್ರ ಕೊಳ್ತಾರಾ?"

"ಟೊಮೇಟೊ ಕೊಳ್ಳೋವಾಗ ಬೆಳೆದವನ ಹೆಸರು ಕೇಳ್ತೀಯೇನಣ್ಣ?" ಎಂದರು ಮೇಡಂ. "ನಿನ್ನ ಕಣ್ಣಿಗೆ ಹಿಡಿಸಿತಾ, ತಗೋ. ಹೆಸರು ನೋಡಿ ಕೊಂಡ್ರೆ ಗೋಡೆಗೆ ಹೆಸರು ಬರತ್ತೆ ಅಷ್ಟೇ, ಚಿತ್ರ ಬರಲ್ಲ."

ಗಂಡ ಗೊಣಗುತ್ತಲೇ ಜೊತೆಗೆ ಬಂದು ಓದುಕೋಣೆಯ ಬಾಗಿಲಲ್ಲಿ ಕೈಕಟ್ಟಿ ನಿಂತ. ಅಕ್ಕ ಮೇಜಿನಿಂದ ಮೇಜಿಗೆ ಸರಿದು ಒಂದು ಚಿತ್ರದ ಮುಂದೆ ನಿಂತುಬಿಟ್ಟಳು. ಬೆನ್ನು ಹಾಕಿ ಕೂತು ತಲೆ ಬಾಚಿಕೊಳ್ಳುತ್ತಿರುವ ಹೆಂಗಸು. ಎತ್ತಿದ ಮೊಣಕೈ ಥೇಟ್ ತನ್ನ ತಂಗಿಯದು. ಇದೇ, ಇದೇ ಬೇಕು. ಎತ್ತಿಕೊಂಡವಳೇ ತಿರುಗಿಸಿಯೂ ಬಿಟ್ಟಳು. ಇಸ್ತ್ರಿಯ ಕೈ ಅದು. ಏನು ಸಿಕ್ಕರೂ ಮೊದಲು ಒಳಮೈ ನೋಡುತ್ತದೆ. ಅಲ್ಲಿದ್ದ ಹೆಸರು ಅವಳಿಗೆ ಗೊತ್ತಿರಲಿಲ್ಲ, ಬೇಕೂ ಇರಲಿಲ್ಲ.

ಮೇಜು ಕಾಯುತ್ತಿದ್ದ ನಿವೃತ್ತ ಮೇಷ್ಟ್ರು ಧಾವಿಸಿ ಬಂದು, ಕೋಣೆಗೆಲ್ಲ ಕೇಳುವಂತೆ ನಿಯಮ ಹೇಳಿದರು. ಕೊಳ್ಳುವವಳಲ್ಲ ಎಂದು ತಾವೇ ತೀರ್ಮಾನಿಸಿ ಚಿತ್ರಕ್ಕೆ ಕೈಚಾಚಿದರು. ಅದೇ ಹೊತ್ತಿಗೆ ಪಕ್ಕದ ಮೇಜಿನಲ್ಲಿ ಸೆಂಟಿನ ಸಾಹೇಬರೊಬ್ಬರು ಇಸ್ಪೀಟು ಎಲೆಯಂತೆ ಚಿತ್ರಗಳನ್ನು ಮಗುಚಿ, ದೊಡ್ಡ ಹೆಸರಿಲ್ಲದ್ದನ್ನೆಲ್ಲ ಅತ್ತ ಎಸೆಯುತ್ತಿದ್ದರು. ಅವರಿಗೆ ಮೇಷ್ಟ್ರು ಹೇಳಿದ್ದು ಇಷ್ಟೇ: ನಿಧಾನವಾಗಿ ನೋಡಿ ಸಾರ್. ಸಾಹೇಬರು, ಆಕೆಯ ಕೈಲಿರುವುದನ್ನೂ ಇತ್ತ ಕೊಡಿ ಎಂದರು.

ಅಕ್ಕ ಚಿತ್ರವನ್ನು ಎದೆಗೊತ್ತಿಕೊಂಡಳು. ದನಿ ಏರಿಸಲಿಲ್ಲ.

"ಮೇಷ್ಟ್ರೇ, ನಾನು ತಿರುಗಿಸಿದ್ದು ಒಂದು. ತಗೊಳ್ಳಿ ದುಡ್ಡು. ಅವರು ತಿರುಗಿಸಿದ್ದಕ್ಕೆಲ್ಲ ಯಾವಾಗ ಕೇಳ್ತೀರಿ? ಸೋಪಿನ ಕೈಗೊಂದು ನಿಯಮ, ಸೆಂಟಿನ ಕೈಗೊಂದು ನಿಯಮ ಅನ್ನೋದಾದ್ರೆ ನಮ್ಮನ್ನ ಯಾಕೆ ಕರೆದ್ರಿ?"

ಬಾಗಿಲಲ್ಲಿದ್ದ ಗಂಡ ಕೈ ಬಿಚ್ಚಿ ಒಳಗೆ ಬಂದ; ಮಗುಚಿ ಬಿದ್ದ ಚಿತ್ರಗಳನ್ನೆಲ್ಲ ಒಪ್ಪವಾಗಿ ಜೋಡಿಸಿ ಸಾಹೇಬರ ಮುಂದಿಟ್ಟ. "ಇವೆಲ್ಲ ನಿಮ್ಮವು, ಸಾರ್." ಲೈಬ್ರರಿ ಮೇಡಂ ರಸೀದಿ ಹರಿದರು. ಅಷ್ಟು ಕಣ್ಣುಗಳ ನಡುವೆ ಸಾಹೇಬರಿಗೆ ಪರ್ಸು ತೆಗೆಯದೆ ವಿಧಿಯಿರಲಿಲ್ಲ. ಚಾವಣಿಯ ಒಂದು ಮೂಲೆ ಅವರ ಸಿಟ್ಟಿನಲ್ಲೇ ರಿಪೇರಿಯಾಯಿತು. ಮೇಷ್ಟ್ರು ಅಕ್ಕನ ಚಿತ್ರವನ್ನು ತಾವೇ ಕಾಗದದಲ್ಲಿ ಸುತ್ತಿಕೊಟ್ಟು, ತಪ್ಪಾಯ್ತಮ್ಮ ಎಂದರು.

ಮನೆಯಲ್ಲಿ ಮೊಳೆ ಹೊಡೆದದ್ದು ಗಂಡನೇ. ಹೊಡೆದವನು ಅಲ್ಲಿಂದ ಕದಲಲಿಲ್ಲ. ಚಹಾ ಆರುತ್ತಿದೆ, ಏನು ನೋಡ್ತಿದ್ದೀರಿ ಎಂದು ಅಕ್ಕ ಕೇಳಿದಳು.

"ಈಯಮ್ಮ ಯಾವಾಗ ಇತ್ತ ತಿರುಗ್ತಾಳೋ ಅಂತ ಕಾಯ್ತಿದ್ದೀನಿ."

ಓದುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಕಡೆ ಇಂಥ ಚಿತ್ರಸಂತೆ ನಡೆದರೆ ತಪ್ಪದೆ ಹೋಗಿ. ಹಣ ಯಾವ ಕೆಲಸಕ್ಕೆ ಹೋಗುತ್ತದೆಂದು ಕೇಳಿ ತಿಳಿದುಕೊಳ್ಳಿ. ನಡೆಯದಿದ್ದರೆ ಶಾಲೆಯವರನ್ನು, ಓದುಕೋಣೆಯವರನ್ನು, ನಿಮ್ಮೂರಿನ ಚಿತ್ರಗಾರರನ್ನು ಸೇರಿಸಿ ನೀವೇ ನಡೆಸಿ. ಚಿತ್ರ ನಿಮಗ್ಯಾಕೆ ಎಂದು ಯಾರಾದರೂ ನಕ್ಕರೆ ಸುಮ್ಮನಿರಬೇಡಿ. ಕಣ್ಣಿರೋದು ನಿಮಗೊಬ್ಬರಿಗೇನಾ ಎಂದು ಕೇಳಿ.