ಹುಬ್ಬಿನ ಮೇಲಿನ ನೊಣ

"ಈಗ ಏನಾದ್ರೂ ತಾಗ್ತಿದೆಯಾ?" ಡಾಕ್ಟರ್ ಸೌಸನ್ ಕೇಳಿದರು. ಹತ್ತಿಯ ಎಳೆಯ ತುದಿ ಇನ್ಶಿರಾಳ ಎಡಗಣ್ಣಿನ ಗುಡ್ಡೆಯ ಮೇಲಿತ್ತು.

"ಇಲ್ಲ, ಡಾಕ್ಟ್ರಮ್ಮ."

ಅದೇ ಹೊತ್ತಿಗೆ ಬಲಹುಬ್ಬಿನ ಮೇಲೆ ಆ ಹಾಳು ನೊಣ ಬಂದು ಕೂತಿತು. ಓಡಿಸಲು ಕೈ ಎತ್ತಿದ್ದೇ ತಡ, ಪಕ್ಕದಲ್ಲಿದ್ದ ಅತ್ತೆ ಶೌಕಿಯ್ಯಾ ಗಬಕ್ಕನೆ ಹಿಡಿದು ಕೆಳಗಿಳಿಸಿದಳು.

ತಲೆಯೊಳಗಿನ ಗಡ್ಡೆ ತೆಗೆಸಿಕೊಂಡಂದಿನಿಂದ ಎಡಗಣ್ಣಿಗೆ ಸ್ಪರ್ಶವೇ ಇರಲಿಲ್ಲ. ಕೈರೋದ ಧೂಳೆಲ್ಲ ಬಿದ್ದರೂ ಉರಿಯಿಲ್ಲ. ಈರುಳ್ಳಿ ಹೆಚ್ಚಿದರೆ ಬಲಗಣ್ಣೊಂದೇ ಸುರಿಯುತ್ತಿತ್ತು. ಕೊನೆಗೆ ಎಡಗಣ್ಣಿನಲ್ಲಿ ಹುಣ್ಣಾಯಿತು. ಹೋದ ಬೇಸಿಗೆಯಲ್ಲಿ ಬಲಹುಬ್ಬಿನ ನರವನ್ನು ಮೂಗಿನ ಮೇಲಿಂದ ಚರ್ಮದಡಿಯಲ್ಲೇ ತಂದು ಎಡಗಣ್ಣಿಗೆ ಕೂಡಿಸಿದ್ದರು. ಅದು ಚಿಗುರದಿದ್ದರೆ ರೆಪ್ಪೆಯನ್ನು ಹೊಲಿದು ಮುಚ್ಚಬೇಕು, ಇಲ್ಲವಾದರೆ ಕಣ್ಣೇ ತೂತಾದೀತು. ತೀರ್ಮಾನ ಇವತ್ತು. ನರ್ಸ್ ಆಗಲೇ ಸೂಜಿದಾರ ಜೋಡಿಸುತ್ತಿದ್ದಳು.

ನೊಣದ ಕಾಟ ತಿಂಗಳಿನಿಂದ ಇತ್ತು. ಆದರೆ ಅದು ಯಾರಿಗೂ ಕಂಡದ್ದೇ ಇಲ್ಲ. ಮೇಲ್ಮಹಡಿಯವಳ ಕೆಟ್ಟ ದೃಷ್ಟಿಯೇ ಎಂದು ತೀರ್ಮಾನಿಸಿದ ಶೌಕಿಯ್ಯಾ, ಸೊಸೆಯ ತಲೆವಸ್ತ್ರಕ್ಕೆ ಬಲಹುಬ್ಬಿನ ಮೇಲೆ ದೃಷ್ಟಿ ತಾಗದಂತೆ ನೀಲಿಮಣಿ ಚುಚ್ಚಿದ್ದಳು. "ಡಾಕ್ಟರ ಮುಂದೆ ಇದನ್ನ ಬಾಯಿಬಿಟ್ಟೀಯೆ ಜೋಕೆ! ತಲೆಕೆಟ್ಟಿದೆ ಅಂತ ಬೇರೆ ಆಸ್ಪತ್ರೆಗೆ ಹಾಕ್ತಾರೆ," ಎಂದು ಮನೆಯಲ್ಲೇ ಎಚ್ಚರಿಸಿದ್ದಳು.

"ಕೊನೇ ಸಲ ನೋಡ್ತೀನಿ," ಎಂದರು ಡಾಕ್ಟರ್. ಅವರ ದನಿ ಸೋತಿತ್ತು.

ಎಳೆ ತಾಗಿತು. ಇನ್ಶಿರಾಳಿಗೆ ತಡೆಯಲಾಗಲಿಲ್ಲ. ಅತ್ತೆಯ ಹಿಡಿತದಿಂದ ಕೈ ಕಿತ್ತುಕೊಂಡು ಹುಬ್ಬು ಉಜ್ಜಿಕೊಂಡಳು. "ಥೂ, ನೊಣ!"

"ಎಲ್ಲಿದೆ ನೊಣ?"

ಡಾಕ್ಟರ್ ಅಂಗೈಯಿಂದ ಅವಳ ಬಲಗಣ್ಣು ಮುಚ್ಚಿ ಎಡಗಣ್ಣಿಗೆ ಎಳೆ ತಾಗಿಸಿದರು.

"ಕೂತ್ಕೊಂಡ್ತು."

ಎಳೆ ತೆಗೆದರು.

"ಹಾರಿಹೋಯ್ತು."

ಮತ್ತೆ ತಾಗಿಸಿದರು.

"ಕೂತ್ಕೊಂಡ್ತು, ಡಾಕ್ಟ್ರಮ್ಮ."

ನರ್ಸಿನ ಕೈ ನಿಂತಿತು. "ಆ ಹುಬ್ಬಲ್ಲಿ ನರಾನೇ ಇಲ್ಲ ಕಣಮ್ಮ, ನಾನೇ ತೆಗ್ದಿದ್ದೀನಿ," ಎಂದರು ಡಾಕ್ಟರ್. "ತಾಗ್ತಿರೋದು ನಿನ್ನ ಎಡಗಣ್ಣಿಗೆ. ನರ ಇನ್ನೂ ಹಳೇ ಮನೇಲೇ ಇದ್ದೀನಿ ಅಂದ್ಕೊಂಡಿದೆ, ಅಷ್ಟೆ. ಸೂಜಿ ಒಳಗಿಡಮ್ಮ, ನರ್ಸ್."

ಹೊಲಿಯುವುದಿಲ್ಲ! ಇನ್ಶಿರಾ ಎಡರೆಪ್ಪೆಯನ್ನು ಮುಟ್ಟಿ ನೋಡಿಕೊಂಡಳು.

"ಅಯ್ಯೋ, ನನ್ನ ಬುದ್ಧಿಗೆ ಬೆಂಕಿ ಬೀಳ! ನಾನೇ ಕೈ ಹಿಡ್ಕೊಂಡಿದ್ನಲ್ಲೇ," ಎಂದು ಶೌಕಿಯ್ಯಾ ಹಣೆ ಚಚ್ಚಿಕೊಂಡಳು. ಆಮೇಲೆ ಯಾರನ್ನೂ ಕೇಳದೆ, ಸೊಸೆಯ ತಲೆವಸ್ತ್ರದಿಂದ ನೀಲಿಮಣಿಯನ್ನು ಬಿಚ್ಚಿದಳು. ಅದನ್ನು ಎಡಹುಬ್ಬಿನ ಮೇಲಕ್ಕೆ ತಂದು, ಪಿನ್ನು ಚುಚ್ಚತೊಡಗಿದಳು.