ಕೊಳವೆಯ ಗೋಡೆಗೆ ಅಂಟಿದ್ದು

"ಇನ್ನೊಂದು ಗುಟುಕು, ಚಿಟ್ಟಿ. ಒಂದೇ ಒಂದು," ಎನ್ನುತ್ತ ತಂಗಿ ಲೋಟ ಹಿಡಿದು ಆರು ವರ್ಷದ ಮಗಳ ಹಿಂದೆ ಸುತ್ತುತ್ತಿದ್ದಳು. ಲೋಟದಲ್ಲಿ ಪ್ರೋಟೀನ್ ಪುಡಿ ಕದಡಿದ ಹಾಲು, ದಿನಕ್ಕೆ ಮೂರು ಸಲ. ಚಿಟ್ಟಿಗೆ ಅದರ ವಾಸನೆಯೇ ಆಗದು. ಬಟ್ಟೆ ಒಗೆಯುವ ಯಂತ್ರದ ಮುಂದೆ ಕುಕ್ಕರಿಸಿ, ಎರಡೂ ಕಿವಿ ಮುಚ್ಚಿಕೊಂಡು ಕಿರುಚತೊಡಗಿದಳು.

ಪ್ರತಿ ಭಾನುವಾರದಂತೆ ಆಗ ತಾನೇ ಒಳಗೆ ಬಂದಿದ್ದ ಅಕ್ಕ ಬಾಗಿಲಲ್ಲೇ ನಿಂತಳು.

"ಬಿಡೇ, ಬೇಡ ಅಂತಿದಾಳಲ್ಲ."

"ಕುಡೀಲಿ ಬಿಡಮ್ಮ," ಎಂದರು ತಂಗಿಯ ಅತ್ತೆ, ತರಕಾರಿ ಹೆಚ್ಚುತ್ತಲೇ. "ಬಸುರೀಲಿ ಇವಳು ತಿಂದಿದ್ದೆಲ್ಲ ವಾಂತಿ ಮಾಡ್ತಿದ್ಳು. ಮಗು ಮೆದುಳಿನ ನೀರಿಗೆ ಪ್ರೋಟೀನ್ ಎಲ್ಲಿಂದ ಬರಬೇಕು? ಕಡಿಮೆ ಇರುತ್ತೆ ಅಂತ ನೀನೇ ತಾನೆ ಹೇಳಿದ್ದು?"

ಹೇಳಿದ್ದು ಅಕ್ಕನೇ. ಸಂಶೋಧನಾ ಪ್ರಯೋಗಾಲಯದಲ್ಲಿ ಹದಿನಾಲ್ಕು ವರ್ಷದಿಂದ ಟೆಕ್ನಿಷಿಯನ್. ಮೆದುಳನ್ನು ಸುತ್ತುವರಿದ ದ್ರವವನ್ನು ಬೆನ್ನಿನಿಂದ ತೆಗೆದು ಆಸ್ಪತ್ರೆಯವರು ಕಳಿಸುತ್ತಾರೆ. ಅದರಲ್ಲಿ ಯಾವ ಪ್ರೋಟೀನ್ ಎಷ್ಟಿದೆ ಎಂದು ಅಳೆಯುವುದು ಅವಳ ಕೆಲಸ. ಎಳೆಯ ನರಕೋಶ ಎತ್ತ ಬೆಳೆಯಬೇಕು, ಯಾವುದರ ಜೊತೆ ಸೇರಬೇಕು ಎಂಬುದಕ್ಕೆ ಆ ಪ್ರೋಟೀನುಗಳಲ್ಲಿ ಕೆಲವು ಸುಳಿವು ಕೊಡುತ್ತವೆ. ಆಟಿಸಂ ಇರುವ ಮಕ್ಕಳಲ್ಲಿ ಅಂಥದೊಂದು ಬೇರೆ ಮಕ್ಕಳಿಗಿಂತ ಅರ್ಧಕ್ಕರ್ಧ ಕಡಿಮೆ ಕಂಡಿತ್ತು. ಚಿಟ್ಟಿಗೂ ಆಟಿಸಂ. ಹೋದ ತಿಂಗಳು ಇಲ್ಲೇ ಊಟಕ್ಕೆ ಕೂತಾಗ ಹೆಮ್ಮೆ ತಡೆಯಲಾರದೆ ಬಾಯಿಬಿಟ್ಟಿದ್ದಳು. ತಂಗಿಯನ್ನು ಹೊಡೆಯಲು ತಾನೇ ಬೆತ್ತ ಕೊಟ್ಟ ಹಾಗಾಗಿತ್ತು.

"ಅಮ್ಮಾ, ಅದು ಊಟದಿಂದ ನೇರ ಹೋಗೋ ಪ್ರೋಟೀನಲ್ಲ. ಮೈಯೇ ಅದನ್ನ ತಯಾರು ಮಾಡ್ಕೊಳ್ಳುತ್ತೆ."

"ತಿನ್ನದೆ ಮೈ ಏನು ಗಾಳಿಯಿಂದ ಮಾಡ್ಕೊಳ್ಳುತ್ತಾ?"

ತಂಗಿ ಲೋಟ ಕೆಳಗಿಟ್ಟಳು. "ಅವರು ಹೇಳೋದು ಸರೀನೇ ಅಕ್ಕ. ನನ್ನಿಂದಲೇ ಆಗಿದ್ದು." ಲೆಕ್ಕ ಒಪ್ಪಿಸಿದಷ್ಟು ಸಲೀಸಾಗಿ ಹೇಳಿದಳು. ಅತ್ತಿದ್ದರೂ ಅಕ್ಕನಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಸೋಮವಾರ ಅಕ್ಕ ಪ್ರಯೋಗಾಲಯದಲ್ಲಿ ಹಳೆಯ ದಾಖಲೆಗಳನ್ನೆಲ್ಲ ಹರಡಿಕೊಂಡು ಕೂತಳು. ಆ ಅರ್ಧಕ್ಕರ್ಧ ಎನ್ನುವುದು ಎಷ್ಟು ಗಟ್ಟಿ ಎಂದು ಇನ್ನೊಮ್ಮೆ ನೋಡಲೇಬೇಕಿತ್ತು. ಅಂಕಿಗಳಲ್ಲಿ ತಪ್ಪಿರಲಿಲ್ಲ. ಕಣ್ಣು ನಿಂತದ್ದು ತಾರೀಖುಗಳ ಮೇಲೆ. ಆಟಿಸಂ ಇರುವ ಮಕ್ಕಳ ದ್ರವವೆಲ್ಲ ಬಂದದ್ದು ಎರಡೇ ತಿಂಗಳಲ್ಲಿ. ದ್ರವ ತುಂಬಿಡುವ, ಪ್ರೋಟೀನ್ ಅಂಟದಂಥ ವಿಶೇಷ ಪ್ಲಾಸ್ಟಿಕ್ ಕೊಳವೆಗಳು ಉಗ್ರಾಣದಲ್ಲಿ ಮುಗಿದು, ಅವಳು ಕಪಾಟಿನಲ್ಲಿದ್ದ ಮಾಮೂಲಿ ಕೊಳವೆ ಬಳಸಿದ್ದೂ ಅದೇ ಎರಡು ತಿಂಗಳು. ಬೇರೆ ಮಕ್ಕಳ ದ್ರವವೆಲ್ಲ ವಿಶೇಷ ಕೊಳವೆಗಳಲ್ಲೇ ಇತ್ತು.

ಒಂದೇ ದ್ರವವನ್ನು ಎರಡು ಬಗೆಯ ಕೊಳವೆಗೂ ಹಾಕಿ ಎರಡು ದಿನ ಬಿಟ್ಟು ಅಳೆದಳು. ಮಾಮೂಲಿ ಕೊಳವೆಯಲ್ಲಿ ಆ ಪ್ರೋಟೀನ್ ಸುಮಾರು ಅರ್ಧ ಮಾಯ. ಎಲ್ಲಿಗೂ ಹೋಗಿರಲಿಲ್ಲ, ಕೊಳವೆಯ ಗೋಡೆಗೆ ಅಂಟಿಕೊಂಡಿತ್ತು. ನಂಬದೆ ಮತ್ತೆ ಅಳೆದಳು. ಮತ್ತೆ ಅದೇ.

ಗುರುವಾರ ಬೆಳಿಗ್ಗೆ ಇದನ್ನೆಲ್ಲ ಬರೆದ ಕಾಗದವನ್ನು ಪ್ರಯೋಗಾಲಯದ ಮುಖ್ಯಸ್ಥೆಯ ಮುಂದೆ ಇಟ್ಟಳು.

"ನಾಳೆ ಜರ್ನಲ್ಲಿಗೆ ಲೇಖನ ಕಳಿಸಬೇಕು," ಎಂದರು ಮೇಡಂ. "ಎಷ್ಟು ಅಪ್ಪ ಅಮ್ಮಂದಿರು ಇದನ್ನೇ ಕಾಯ್ತಿದಾರೆ ಗೊತ್ತಾ?"

"ಗೊತ್ತು ಮೇಡಂ. ಅದಕ್ಕೇ ಹೇಳ್ತಿರೋದು."

"ವ್ಯತ್ಯಾಸ ಪೂರ್ತಿ ಕೊಳವೆಯದೇ ಅಂತ ಹೇಗೆ ಹೇಳ್ತೀರಿ? ಸ್ವಲ್ಪ ನಿಜಾನೂ ಇರಬಹುದು."

"ಇರಬಹುದು. ಎಷ್ಟು ಅಂತ ನಂಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ."

ಮೇಡಂ ಕಾಗದವನ್ನು ಎರಡು ಸಲ ಓದಿದರು. "ಎರಡು ವರ್ಷದ ಕೆಲಸ ಕಣ್ರೀ. ಮೇಲಿನವರಿಗೆ ಬರೆದರೆ ತಪ್ಪು ನಿಮ್ಮ ತಲೆ ಮೇಲೇ ಬರುತ್ತೆ. ಕೆಲಸಕ್ಕೂ ಕುತ್ತು ಬರಬಹುದು."

"ಬರಲಿ. ಕೊಳವೆ ಬದಲಾಯಿಸಿದ್ದು ನಾನೇ," ಎಂದು ಆ ಕಾಗದಕ್ಕೆ ಅಲ್ಲೇ ಸಹಿ ಹಾಕಿದಳು. ಲೇಖನ ತಡೆಹಿಡಿದದ್ದು ಸಂಜೆಯ ಹೊತ್ತಿಗೆ ಎಲ್ಲರಿಗೂ ತಿಳಿಯಿತು.

ಭಾನುವಾರದವರೆಗೆ ಕಾಯದೆ ಅವಳು ತಂಗಿಯ ಮನೆಗೆ ಹೋದಳು. ಅತ್ತೆಯ ಎದುರು ಕೂತು, ಒಂದೂ ಬಿಡದೆ ಹೇಳಿದಳು.

"ಅಂದ್ರೆ ನೀನು ಹೇಳಿದ್ದು ಸುಳ್ಳಾ?" ಅತ್ತೆಗೆ ಸಿಟ್ಟೇ ಬಂತು.

"ನಾನು ತಪ್ಪು ಮಾಡ್ದೆ ಅಮ್ಮ. ಗೊತ್ತಾದ ಕೂಡಲೇ ಒಪ್ಕೊಂಡೆ."

"ಹಾಗಾದ್ರೆ ಮಗು ಹೀಗಿರೋದು ಯಾಕೆ?"

"ಪೂರ್ತಿ ಯಾರಿಗೂ ಗೊತ್ತಿಲ್ಲ. ಹುಡುಕ್ತಾನೇ ಇದೀವಿ. ಆದ್ರೆ ಇವಳು ವಾಂತಿ ಮಾಡಿದ್ದಕ್ಕೆ ಹೀಗಾಯ್ತು ಅಂತ ಯಾವ ಕೊಳವೇಲೂ ಸಿಕ್ಕಿಲ್ಲ."

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ನಾನೇನು ಕೆಟ್ಟವಳಲ್ಲಮ್ಮ," ಎಂದರು. "ಮೊಮ್ಮಗಳು ಯಾಕೆ ಹೀಗೆ ಅಂತ ಕೇಳಿದವರಿಗೆ ಹೇಳೋಕೆ ಒಂದು ಮಾತು ಬೇಕಿತ್ತು. ಸಿಕ್ಕಿದ್ದನ್ನ ಹೇಳ್ಬಿಟ್ಟೆ."

ಅತ್ತೆ ಎದ್ದು ಫೋನ್ ತಂದು ದೊಡ್ಡ ಮಗಳಿಗೆ ಮಾಡಿದರು.

"ನಾನು ಕಣೇ. ಚಿಟ್ಟಿ ಅಮ್ಮನ ಬಗ್ಗೆ ಹೇಳಿದ್ದೆನಲ್ಲ, ಬಸುರೀಲಿ ತಿನ್ನದೆ ಹೀಗಾಯ್ತು ಅಂತ. ಅದು ಸುಳ್ಳು. ಹ್ಞೂಂ, ಸುಳ್ಳೇ. ಅವಳದೇನೂ ತಪ್ಪಿಲ್ಲ. ನೀನು ಯಾರ್‍ಯಾರಿಗೆ ಹೇಳಿದೀಯೋ ಅವರಿಗೆಲ್ಲ ಇವತ್ತೇ ಹೇಳು."

ಗೋಡೆಗೊರಗಿ ನಿಂತಿದ್ದ ತಂಗಿ ಅಲ್ಲೇ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ಅಕ್ಕ ಹೋಗಿ ಪಕ್ಕದಲ್ಲಿ ಕೂತಳು. ಅತ್ತೆ ಇವರತ್ತ ತಿರುಗದೆ, ಕಣ್ಣೊರೆಸಿ ಕನ್ನಡಕ ಏರಿಸಿಕೊಂಡು, ಮುಂದಿನ ನಂಬರು ಹುಡುಕಿದರು.